ಮೊದಲ 30 ದಿನಗಳ ನ್ಯಾಯ

ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಜಾಗದಲ್ಲಿ ಈಗ ಕೈಗಾರಿಕಾ ಸಂಬಂಧಗಳ ಸಂಹಿತೆ ಇದೆ. ಮುಷ್ಕರಕ್ಕೆ 14 ದಿನಗಳ ಮುನ್ಸೂಚನೆ ಕೊಡಬೇಕು, 300ಕ್ಕಿಂತ ಕಡಿಮೆ ಕಾರ್ಮಿಕರಿರುವ ಕಾರ್ಖಾನೆಯನ್ನು ಸರ್ಕಾರದ ಅನುಮತಿ ಇಲ್ಲದೆ ಮುಚ್ಚಬಹುದು ಎಂಬ ಅಂಶಗಳ ಸುತ್ತಲೇ ವಾದವೆಲ್ಲ ನಡೆದಿದೆ. ಆ ವಾದ ನಡೆಯಲೇಬೇಕು. ಆದರೆ ಲೆಕ್ಕಕ್ಕೆ ಬಾರದ ಓಟಿ, ಕೊಡದ ರಜೆ, ಸೂಪರ್‌ವೈಸರ್ ಬೈಗುಳ, ಕಾರಣವಿಲ್ಲದ ಸಂಬಳ ಕಡಿತದಂಥ ದಿನನಿತ್ಯದ ಸಂಕಟಗಳ ಹಣೆಬರಹ ಅಡಗಿರುವುದು ಸಂಹಿತೆಯ 4ನೇ ಸೆಕ್ಷನ್ನಿನಲ್ಲಿ.

20 ಅಥವಾ ಹೆಚ್ಚು ಕಾರ್ಮಿಕರಿರುವ ಪ್ರತಿ ಸಂಸ್ಥೆಯಲ್ಲೂ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು ಎನ್ನುತ್ತದೆ ಈ ಸೆಕ್ಷನ್. ಮಾಲೀಕರ ಕಡೆಯವರು, ಕಾರ್ಮಿಕರ ಕಡೆಯವರು ಸಮಸಮ. ಅಧ್ಯಕ್ಷ ಸ್ಥಾನ ವರ್ಷಕ್ಕೊಮ್ಮೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕು. ಮಹಿಳೆಯರ ಸಂಖ್ಯೆಗೆ ತಕ್ಕ ಪ್ರಾತಿನಿಧ್ಯ ಇರಬೇಕು. ದೂರನ್ನು 30 ದಿನಗಳಲ್ಲಿ ಇತ್ಯರ್ಥಪಡಿಸಬೇಕು. ಕಾರ್ಮಿಕ ಪ್ರತಿನಿಧಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಪ್ಪದ ಹೊರತು ತೀರ್ಮಾನ ಊರ್ಜಿತವಲ್ಲ.

ಓದುವುದಕ್ಕೆ ಎಲ್ಲವೂ ಚೆನ್ನಾಗಿದೆ. ಆದರೆ ಇಂಥದೇ ಸಮಿತಿ 2010ರ ತಿದ್ದುಪಡಿಯಿಂದಲೇ ಹಳೆಯ ಕಾಯ್ದೆಯಲ್ಲಿಯೂ ಇತ್ತು. ಅದು ಇದ್ದಾಗಲೇ, 2020ರ ನವೆಂಬರಿನಲ್ಲಿ ಬಿಡದಿಯ ಟೊಯೋಟ ಕಾರ್ಖಾನೆಯಲ್ಲಿ ಒಬ್ಬ ಉದ್ಯೋಗಿಯ ಅಮಾನತಿನಿಂದ ಎದ್ದ ಜಗಳ ಲಾಕೌಟಿಗೆ ಹೋಗಿ, ಮರುವರ್ಷದವರೆಗೂ ಎಳೆಯಿತು. ಮುಂದಿನ ತಿಂಗಳೇ ಕೋಲಾರದ ನರಸಾಪುರದಲ್ಲಿ, ವಿಸ್ಟ್ರಾನ್ ಘಟಕದ ಕಾರ್ಮಿಕರ ಸಂಬಳದ ಸಿಟ್ಟು ದಾಂಧಲೆಯಾಗಿ ಸಿಡಿಯಿತು. ಸಮಿತಿ ಕಾಯ್ದೆಯ ಪುಟದಲ್ಲಿದ್ದ ಮಾತ್ರಕ್ಕೆ ಕಾರ್ಮಿಕರ ಮಾತಿಗೆ ಕಿವಿ ಸಿಗುವುದಿಲ್ಲ.

ಹೊಸ ಸಂಹಿತೆಯಲ್ಲಿ ಇದು ಇನ್ನಷ್ಟು ಗಂಭೀರ. ಕೆಲಸದಿಂದ ತೆಗೆದುಹಾಕಿದವರು ಒಬ್ಬರೇ ಆದರೂ ರಾಜಿ ಸಂಧಾನಾಧಿಕಾರಿಯ ಬಳಿ ಹೋಗಬಹುದು. 45 ದಿನಗಳ ನಂತರ ನೇರವಾಗಿ ನ್ಯಾಯಮಂಡಳಿಯ ಮೆಟ್ಟಿಲೇರಬಹುದು. ಅದಕ್ಕಿದ್ದ 3 ವರ್ಷಗಳ ಗಡುವು ಮಾತ್ರ ಈಗ 2 ವರ್ಷಕ್ಕೆ ಇಳಿದಿದೆ. ಕೆಲಸದಲ್ಲಿದ್ದುಕೊಂಡೇ ನೋಯುತ್ತಿರುವವರ ದಾರಿ ಇನ್ನೂ ಕಿರಿದು. ಸಮಿತಿಯಲ್ಲಿ ನ್ಯಾಯ ಸಿಗದಿದ್ದರೆ 60 ದಿನಗಳೊಳಗೆ, ತಾವು ಸದಸ್ಯರಾಗಿರುವ ಕಾರ್ಮಿಕ ಸಂಘದ ಮೂಲಕ ಸಂಧಾನಾಧಿಕಾರಿಗೆ ಅರ್ಜಿ ಹಾಕಬೇಕು. ಸಂಘವೇ ಇಲ್ಲದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಗಳು ಏನು ಮಾಡಬೇಕು? ಅವಳ ಪಾಲಿಗೆ ಸಮಿತಿಯೇ ಮೊದಲ ಬಾಗಿಲು, ಬಹುಮಟ್ಟಿಗೆ ಕೊನೆಯದೂ ಹೌದು. ಅಲ್ಲಿ ಕೂರುವ ‘ಕಾರ್ಮಿಕ ಪ್ರತಿನಿಧಿ’ಯನ್ನು ಎಚ್‌ಆರ್ ವಿಭಾಗವೇ ಆರಿಸಿದರೆ ಆ ಬಾಗಿಲೂ ಮುಚ್ಚಿದಂತೆ.

ಆದ್ದರಿಂದ ರಾಜ್ಯದ ಕಾರ್ಮಿಕ ಇಲಾಖೆ ಈಗಲೇ ಮೂರು ಕೆಲಸ ಮಾಡಬೇಕು. ಸಂಘವಿಲ್ಲದ ಕಡೆ ಪ್ರತಿನಿಧಿಗಳನ್ನು ಕಾರ್ಮಿಕರೇ ಗುಪ್ತ ಮತದಾನದಿಂದ ಆರಿಸುವಂತೆ ನೋಡಿಕೊಳ್ಳಬೇಕು. ಸಮಿತಿ ಸದಸ್ಯರ ಹೆಸರು, ದೂರಿನ ಗಡುವುಗಳು ಪ್ರತಿ ಕಾರ್ಖಾನೆಯ ಹಾಜರಿ ಯಂತ್ರದ ಪಕ್ಕದಲ್ಲೇ ಕನ್ನಡದಲ್ಲಿ, ಜೊತೆಗೆ ಅಲ್ಲಿ ದುಡಿಯುವ ವಲಸಿಗರ ಭಾಷೆಯಲ್ಲಿ ಕಾಣುವಂತಿರಬೇಕು. ಬಂದ ದೂರುಗಳೆಷ್ಟು, 30 ದಿನಗಳಲ್ಲಿ ತೀರಿದವೆಷ್ಟು ಎಂಬ ಲೆಕ್ಕವನ್ನು ಪ್ರತಿ ಸಂಸ್ಥೆಯಿಂದ ಕೇಳಿ ಪಡೆದು ಪ್ರಕಟಿಸಬೇಕು. ಸಾವಿರಾರು ಜನ ದುಡಿಯುವ ಕಾರ್ಖಾನೆಯೊಂದು ವರ್ಷವಿಡೀ ‘ದೂರು: ಸೊನ್ನೆ’ ಎಂದು ಬರೆದು ಕಳಿಸಿದರೆ, ಇಲಾಖೆಯ ಅಧಿಕಾರಿ ಮೊದಲು ತಪಾಸಣೆಗೆ ಹೋಗಬೇಕಾದದ್ದು ಅಲ್ಲಿಗೇ.