ಕಬ್ಬಿಣಕ್ಕೂ ಹೆಣ್ಣಿನ ಕೈಗೂ ಯಾವ ಹಗೆ?

ಹತ್ತನೇ ತರಗತಿಯ ಫಲಿತಾಂಶ ಬಂದ ವಾರ ನಮ್ಮಂಥ ಊರಿನ ಶಾಲೆಗಳಲ್ಲಿ ಪ್ರತಿವರ್ಷವೂ ಒಂದೇ ನಾಟಕ. ಸಾಧಾರಣ ಅಂಕ ತೆಗೆದ ಹುಡುಗನಿಗೆ “ಐ.ಟಿ.ಐ. ಸೇರಿ ಫಿಟ್ಟರ್ ಆಗಪ್ಪ” ಎಂದು ಎಲ್ಲರೂ ಬುದ್ಧಿ ಹೇಳುತ್ತಾರೆ. ಅಷ್ಟೇ ಅಂಕ ತೆಗೆದ ಹುಡುಗಿಗೆ ಹೊಲಿಗೆ ಕ್ಲಾಸು. ಯಾರೂ ಏಕೆಂದು ಕೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ರೇಖಾಗಣಿತದ ಚಿತ್ರ ಬರೆದರೆ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಅವಳಿಗೆ ಫಿಟ್ಟರ್ ಕಲಿಯುವ ಆಸೆ. ನಾನು ಮನೆಗೆ ಹೋಗಿ ಮಾತಾಡಿದೆ. ಅವಳ ತಾಯಿ ಕಾಫಿ ಕೊಟ್ಟು, “ಟೀಚರ್, ನಾಳೆ ನೋಡೋಕೆ ಬಂದ ಗಂಡಿನ ಕಡೆಯೋರು ಇವಳ ಕೈ ನೋಡಿ ಏನಂದಾರು?” ಎಂದರು. ಹುಡುಗಿ ಈಗ ರವಿಕೆಗಳಿಗೆ ಹುಕ್ಕು ಹಾಕುತ್ತಿದ್ದಾಳೆ. ಹೊಲಿಗೆಯನ್ನು ನಾನು ಹಗುರ ಮಾಡುತ್ತಿಲ್ಲ. ನನ್ನ ತಾಯಿ ಹೊಲಿದೇ ನಮ್ಮನ್ನು ಓದಿಸಿದಳು. ಆದರೆ ಆ ಹುಡುಗಿ ಕೇಳಿದ್ದು ಹೊಲಿಗೆಯನ್ನಲ್ಲ.

ಫಿಟ್ಟರ್ ಕೆಲಸವೆಂದರೆ ಏನೆಂದು ನಮ್ಮಲ್ಲಿ ಎಷ್ಟು ಹೆಂಗಸರು ಕಣ್ಣಾರೆ ನೋಡಿದ್ದೇವೆ? ನನ್ನ ತಮ್ಮನಿಗೆ ಮನೆಯ ಹಿಂದೆಯೇ ಪುಟ್ಟ ವರ್ಕ್‌ಶಾಪ್ ಇದೆ. ಅಲ್ಲಿ ನಾನು ನೋಡಿದ್ದೇನೆ, ಮಾಡಿಯೂ ಇದ್ದೇನೆ. ಕಬ್ಬಿಣದ ರಾಡಿನ ಮೇಲೆ ಕೈಯಿಂದಲೇ ಥ್ರೆಡ್ ಹಾಕುವ ಕೆಲಸ ಅದು. ಹತ್ತು ಮಿಲಿಮೀಟರ್ ಬೋಲ್ಟಿಗೆ ರಾಡು ಹತ್ತಕ್ಕಿಂತ ಕೂದಲಷ್ಟು ಸಣ್ಣದಿರಬೇಕು. ಅದನ್ನು ವೈಸಿನಲ್ಲಿ ನೇರವಾಗಿ ಬಿಗಿದು, ತುದಿಯ ಅಂಚನ್ನು ಅರದಿಂದ ಸುತ್ತಲೂ ಓರೆಯಾಗಿ ಉಜ್ಜಬೇಕು. ಹಾಗೆ ಉಜ್ಜದಿದ್ದರೆ ಡೈ ಕಚ್ಚುವುದೇ ಇಲ್ಲ. ಡೈಯನ್ನು ಹಿಡಿಕೆಗೆ ಕೂರಿಸಿ ರಾಡಿನ ತಲೆಯ ಮೇಲೆ ಮಟ್ಟವಾಗಿ ಇಟ್ಟು, ಎಣ್ಣೆ ಬಿಟ್ಟು, ಎರಡೂ ಕೈಯಿಂದ ಸಮನಾಗಿ ಒತ್ತಿ ತಿರುಗಿಸಬೇಕು. ಮೊದಲ ಎರಡು ಸುತ್ತಿನಲ್ಲಿ ಡೈ ಓರೆಯಾಯಿತೋ, ಆ ಮೇಲೆ ಯಾವ ದೇವರೂ ಅದನ್ನು ನೆಟ್ಟಗೆ ಮಾಡಲಾರ. ಒಮ್ಮೆ ಕಚ್ಚಿದ ಮೇಲೆ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸಿದಾಗ ಒಳಗೆ ಸೇರಿದ ಕಬ್ಬಿಣದ ಸುರುಳಿ ಮುರಿದು ಬೀಳುತ್ತದೆ. ಅವಸರಪಟ್ಟು ಮುಂದಕ್ಕೇ ತಿರುಗಿಸಿದರೆ ಎಳೆಗಳು ಕಿತ್ತು ಹೋಗುತ್ತವೆ. ಪೂರ್ತಿ ಒಂದು ಸುತ್ತಿಗೆ ಡೈ ಇಳಿಯುವುದು ಒಂದೂವರೆ ಮಿಲಿಮೀಟರ್ ಮಾತ್ರ. ಮೂರು ಸೆಂಟಿಮೀಟರ್ ಥ್ರೆಡ್ಡಿಗೆ ಇಪ್ಪತ್ತು ಸುತ್ತು!

ಹೇಳಿ, ಇದರಲ್ಲಿ ಹೆಣ್ಣಿಗೆ ಒಗ್ಗದ್ದು ಯಾವುದು? ಎಳೆ ತಪ್ಪದಂತೆ ರಂಗೋಲಿ ಬಿಡುವ ಕಣ್ಣಿಗೆ ಡೈ ಓರೆಯಾದದ್ದು ಕಾಣದೇ? ಪಾಕದ ಹದ ಕಾಯುವ ತಾಳ್ಮೆಗೆ ಇಪ್ಪತ್ತು ಸುತ್ತು ಹೆಚ್ಚೇ? ತಿರುಗಿಸುವ ಹಿಡಿಕೆಯ ಹಿತ್ತಾಳೆ ಚಕ್ಕುಲಿ ಒರಳಿನಲ್ಲಿರುವುದೂ ಇದೇ ಥ್ರೆಡ್ಡು. ಅದನ್ನು ತಿರುಗಿಸಲು ನಾವು ಬೇಕು, ಮಾಡಲು ಬೇಡ!

“ಹೆಣ್ಣಿಗೆ ಅಷ್ಟು ಶಕ್ತಿ ಎಲ್ಲಿ?” ಎನ್ನುವವರಿದ್ದಾರೆ. ಅಡಿಗೆ ಅನಿಲದ ತುಂಬಿದ ಸಿಲಿಂಡರು ಸುಮಾರು 30 ಕಿಲೋ ತೂಗುತ್ತದೆ. ಅದನ್ನು ಬಾಗಿಲಿನಿಂದ ಒಲೆಯವರೆಗೆ ಉರುಳಿಸಿ ತರುವವರು ಯಾರು? ಬಿಂದಿಗೆ ಹೊರುವವರು ಯಾರು? ಆಗ ಯಾರಿಗೂ ನಮ್ಮ ಶಕ್ತಿಯ ಚಿಂತೆ ಇರುವುದಿಲ್ಲ. ಸಂಬಳ ಬರುವ ಕೆಲಸದ ಮಾತು ಬಂದಾಗ ಮಾತ್ರ ನಾವು ಹೂವಿನಂಥವರು.

“ಕೈ ಕೊಳೆಯಾಗುತ್ತದೆ” ಎನ್ನುತ್ತಾರೆ. ಪಾತ್ರೆಯ ಮಸಿ, ಮಗುವಿನ ಬಟ್ಟೆ, ಕೊಟ್ಟಿಗೆಯ ಸಗಣಿ ಇವುಗಳಿಂದ ಆಗದ ಕೊಳೆ ಎಣ್ಣೆಯಿಂದ ಆಗುತ್ತದೆಯೇ?

“ಈಗೆಲ್ಲ ಯಂತ್ರವೇ ಮಾಡುತ್ತದೆ, ಕೈಕೆಲಸ ಯಾರಿಗೆ ಬೇಕು?” ಎಂಬುದು ಓದಿದವರ ವಾದ. ಸಾವಿರಗಟ್ಟಲೆ ಬೋಲ್ಟುಗಳನ್ನು ಯಂತ್ರವೇ ಮಾಡುತ್ತದೆ, ನಿಜ. ಆದರೆ ಹೊಲದಲ್ಲಿ ಕೆಟ್ಟು ನಿಂತ ಪಂಪಿನ ಬೋಲ್ಟಿನ ಎಳೆ ಸವೆದರೆ ಆ ಯಂತ್ರ ಅಲ್ಲಿಗೆ ಬರುವುದಿಲ್ಲ. ಡೈ ಹಿಡಿದ ಮನುಷ್ಯ ಬರುತ್ತಾನೆ. ಮನುಷ್ಯಳು ಏಕೆ ಬರಬಾರದು? ಐ.ಟಿ.ಐ.ಯ ಎರಡು ವರ್ಷದ ಫಿಟ್ಟರ್ ತರಬೇತಿ ಇಂದಿಗೂ ಅರ, ಗರಗಸ, ಟ್ಯಾಪು, ಡೈಗಳನ್ನು ಕಲಿಸುತ್ತದೆ. ಕೈಗೆ ಲೋಹದ ಗುಣ ಗೊತ್ತಿದ್ದರೆ ಯಂತ್ರ ನಡೆಸುವುದೂ ಸುಲಭ.

ಹಿಂದೆ ಇಂಗ್ಲೆಂಡಿನಲ್ಲಿ ಒಂದೊಂದು ಕಾರ್ಖಾನೆಯ ಥ್ರೆಡ್ಡಿಗೂ ಒಂದೊಂದು ಅಳತೆಯಿತ್ತಂತೆ. ಇಲ್ಲಿಯ ನಟ್ಟು ಅಲ್ಲಿಯ ಬೋಲ್ಟಿಗೆ ಕೂರುತ್ತಿರಲಿಲ್ಲ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಎಂಬಾತ ಎಲ್ಲಕ್ಕೂ ಒಂದೇ ಅಳತೆ ಇರಲಿ ಎಂದು ಮುಂದಿಟ್ಟ. ಕಬ್ಬಿಣಕ್ಕೇ ಒಂದು ಅಳತೆ ಸಾಧ್ಯವಾಯಿತು. ನಮ್ಮ ಮನೆಗಳಲ್ಲಿ ಮಾತ್ರ ಮಗನಿಗೊಂದು, ಮಗಳಿಗೊಂದು ಅಳತೆ ಹಾಗೆಯೇ ಉಳಿದಿದೆ.

ಶಾಲೆಯವರಾದ ನಾವೂ ಕಡಿಮೆಯಿಲ್ಲ. 1964–66ರ ಕೊಠಾರಿ ಆಯೋಗ ಕಾರ್ಯಾನುಭವ ಶಿಕ್ಷಣದ ಭಾಗವಾಗಬೇಕೆಂದು ಹೇಳಿತು. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಆ ಅವಧಿ ಬಂದರೆ ಹುಡುಗರು ಬೆಂಚು ರಿಪೇರಿಗೆ, ಹುಡುಗಿಯರು ಕರವಸ್ತ್ರದ ಕಸೂತಿಗೆ. ಸ್ಕ್ರೂಡ್ರೈವರ್ ಹುಡುಗಿಯರ ಕೈಗೂ ಕೊಡಿ ಎಂದಾಗ ಸ್ಟಾಫ್ ರೂಮಿನಲ್ಲಿ ನಕ್ಕವರು ಗಂಡಸರಷ್ಟೇ ಅಲ್ಲ.

ಎಲ್ಲ ಹುಡುಗಿಯರೂ ಫಿಟ್ಟರ್ ಆಗಲಿ ಎಂದು ನಾನು ಹೇಳುತ್ತಿಲ್ಲ. ಆಗಬೇಕೆನ್ನುವವಳ ಕೈ ಹಿಡಿದು ಹೊಲಿಗೆ ಯಂತ್ರದ ಮುಂದೆ ಕೂರಿಸಬೇಡಿ ಎನ್ನುತ್ತಿದ್ದೇನೆ. ಈ ವರ್ಷ ನಿಮ್ಮ ಮಗಳೋ ನಾದಿನಿಯ ಮಗಳೋ ಎಸ್.ಎಸ್.ಎಲ್.ಸಿ. ಮುಗಿಸಿದ್ದರೆ, ಊರಿನ ಐ.ಟಿ.ಐ.ಗೆ ಅವಳ ಜೊತೆ ಒಮ್ಮೆ ಹೋಗಿ. ವರ್ಕ್‌ಶಾಪಿನೊಳಗೆ ನಿಂತು ನೋಡಿ. ಹುಡುಗಿಯರಿಗೆ ಬೇರೆ ಶೌಚಾಲಯ ಇದೆಯೇ, ಸಂಜೆಗೆ ಬಸ್ಸು ಇದೆಯೇ ಎಂದು ಗಟ್ಟಿಯಾಗಿ ಕೇಳಿ. ಇಲ್ಲವೆಂದರೆ ಏಕಿಲ್ಲ ಎಂದು ಕೇಳಿ. ಗಂಡಿನ ಕಡೆಯವರು ಕೈ ನೋಡಲಿ, ಅಡ್ಡಿಯಿಲ್ಲ. ಆ ಕೈ ತಿಂಗಳಿಗೆ ಎಷ್ಟು ಸಂಪಾದಿಸುತ್ತದೆ ಎಂಬುದನ್ನೂ ಅವರಿಗೆ ಹೇಳಿ.