‘ಏನೂ ಇಲ್ಲ, ಮನೇಲೇ ಇರ್ತಾಳೆ’

ಎಂ.ಎಡ್. ಓದುವ ಹುಡುಗಿಯೊಬ್ಬಳು ಕಳೆದ ವರ್ಷ ಒಂದು ಕಂತೆ ಹಾಳೆ ಹಿಡಿದು ನಮ್ಮ ಶಾಲೆಗೆ ಬಂದಿದ್ದಳು. ಸಂಶೋಧನೆಯಂತೆ. ನಲವತ್ತು ಪ್ರಶ್ನೆ, ಪ್ರತಿಯೊಂದರ ಮುಂದೆ ‘ಹೌದು’, ‘ಇಲ್ಲ’ ಎಂದು ಎರಡು ಚೌಕ. ‘ವೃತ್ತಿಯಲ್ಲಿ ನಿಮಗೆ ತೃಪ್ತಿ ಇದೆಯೆ?’ ‘ಮುಖ್ಯೋಪಾಧ್ಯಾಯರ ಸಹಕಾರ ದೊರೆಯುತ್ತಿದೆಯೆ?’ ತುಂಬಿದ ಹಾಳೆಗಳನ್ನು ಒಟ್ಟುಮಾಡಿ ಕೊಡುವ ಹೊಣೆಯನ್ನು ಮುಖ್ಯೋಪಾಧ್ಯಾಯರೇ ವಹಿಸಿಕೊಂಡಿದ್ದರು. ಇನ್ನು ಕೇಳಬೇಕೆ! ಬಿಸಿಯೂಟದ ಗದ್ದಲದ ನಡುವೆಯೇ ನಾವು ಹನ್ನೊಂದು ಮಂದಿಯೂ ಪರಮ ತೃಪ್ತರಾಗಿಬಿಟ್ಟೆವು.

ಆ ಹುಡುಗಿಯನ್ನು ದೂರುವ ಯೋಗ್ಯತೆ ನನಗಿಲ್ಲ. ೨೦೧೧ರ ಫೆಬ್ರವರಿಯಲ್ಲಿ ಜನಗಣತಿಯ ನಮೂನೆ ಹಿಡಿದು ಮನೆಮನೆ ತಿರುಗಿದವಳು ನಾನು. ಒಂದು ಮನೆಯ ಜಗುಲಿಯಲ್ಲಿ ಯಜಮಾನರು ಕುಳಿತಿದ್ದರು. ‘ನಿಮ್ಮ ಮನೆಯವರು ಏನು ಕೆಲಸ ಮಾಡ್ತಾರೆ?’ ಎಂದೆ. ‘ಏನೂ ಇಲ್ಲ, ಮನೇಲೇ ಇರ್ತಾಳೆ’ ಎಂದರು. ಆಕೆ ಅದೇ ಹೊತ್ತಿಗೆ ಕೊಟ್ಟಿಗೆಯಿಂದ ಹಾಲಿನ ತಂಬಿಗೆ ಹಿಡಿದು ಬಂದು, ನನ್ನನ್ನು ನೋಡಿ ನಕ್ಕು ಒಳಗೆ ಹೋದರು. ನಾನು ‘ಮನೆಗೆಲಸ’ ಎಂಬುದರ ಸಂಖ್ಯೆ ಬರೆದು ಮುಂದಿನ ಪ್ರಶ್ನೆಗೆ ದಾಟಿದೆ. ಆಕೆ ‘ಕೆಲಸ ಮಾಡದವರ’ ಲೆಕ್ಕಕ್ಕೆ ಸೇರಿದರು. ಆಮೇಲೆ ಕಾಫಿ ಬಂತು, ಅದೇ ಹಾಲಿನದು.

ಇದನ್ನು ಸರ್ಕಾರದ ತಲೆಗೆ ಕಟ್ಟಿ ನಾನು ಪಾರಾಗುವಂತಿಲ್ಲ. ಹೆಂಗಸರ ದುಡಿಮೆ ಲೆಕ್ಕಕ್ಕೆ ಸಿಗುತ್ತಿಲ್ಲವೆಂದು ೧೯೯೧ರ ಜನಗಣತಿಯಲ್ಲೇ ಜಮೀನಿನಲ್ಲಿ, ಮನೆತನದ ಕಸುಬಿನಲ್ಲಿ ಸಂಬಳವಿಲ್ಲದೆ ಮಾಡಿದ್ದೂ ಕೆಲಸವೇ ಎಂಬ ಮಾತನ್ನು ಪ್ರಶ್ನೆಯೊಳಗೇ ಸೇರಿಸಿದ್ದರು. ೨೦೦೧ರ ಹೊತ್ತಿಗೆ, ಮನೆ ಬಳಕೆಗಾಗಿಯೇ ಹಾಲು ಕರೆದರೂ ಅದು ಕೆಲಸವೆಂದಾಯಿತು. ನಿಯಮ ಇತ್ತು, ತಂಬಿಗೆಯೂ ಕಣ್ಣೆದುರಿಗಿತ್ತು. ಆದರೆ ನಾನು ಕೇಳಿದ್ದು ಗಂಡನನ್ನು, ನನಗಿದ್ದದ್ದು ಕತ್ತಲಾಗುವುದರೊಳಗೆ ಬೀದಿ ಮುಗಿಸುವ ಅವಸರ.

ಪ್ರಶ್ನಾವಳಿಯ ಪರವಾಗಿ ಮಾತಾಡುವವರು ಒಂದು ಹೆಗ್ಗಳಿಕೆ ಹೇಳುತ್ತಾರೆ. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಮಾತಿನಲ್ಲಿ. ಆದ್ದರಿಂದ ಪಕ್ಷಪಾತವಿಲ್ಲ ಎಂದು. ನನ್ನ ತಕರಾರು ಇಲ್ಲೇ. ಮಾತು ಒಂದೇ ಇರಬಹುದು, ಕೇಳುವ ಕಿವಿ ಒಂದೆಯೆ? ‘ಕೆಲಸಕ್ಕೆ ಹೋಗ್ತೀರಾ?’ ಎಂದರೆ ನಮ್ಮ ಕಡೆ ಚಪ್ಪಲಿ ಮೆಟ್ಟಿ ಹೊರಗೆ ಹೋಗುವುದು ಎಂದರ್ಥ. ಆ ಯಜಮಾನರನ್ನು ಬಿಟ್ಟು ಆಕೆಯನ್ನೇ ಕೇಳಿದ್ದರೂ ‘ಏನಿಲ್ಲಪ್ಪ, ಮನೇಲೇ’ ಎನ್ನುತ್ತಿದ್ದರೋ ಏನೋ. ನಮ್ಮಮ್ಮ ಸಾಯುವತನಕ ಹಾಗೇ ಹೇಳಿದಳು. ದಿನಕ್ಕೆ ಎರಡು ಸಲ ಎಮ್ಮೆ ಕರೆಯುತ್ತಿದ್ದಳು.

ಪ್ರಶ್ನೆ ಬದಲಾದರೆ ಉತ್ತರ ಹೇಗೆ ಬದಲಾಗುತ್ತದೆ ನೋಡಿ. ೨೦೧೯ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯವರು ಸಮಯ ಬಳಕೆಯ ಸಮೀಕ್ಷೆ ಮಾಡಿದರು. ಅವರು ‘ಕೆಲಸ ಮಾಡ್ತೀರಾ’ ಎಂಬ ಒಂದೇ ಮಾತಿಗೆ ನಿಲ್ಲಲಿಲ್ಲ. ನಿನ್ನೆ ಬೆಳಗಿನ ಜಾವ ನಾಲ್ಕರಿಂದ ಇವತ್ತು ನಾಲ್ಕರವರೆಗೆ ಅರ್ಧರ್ಧ ಗಂಟೆಗೆ ಏನೇನು ಮಾಡಿದಿರಿ ಎಂದು ಕೇಳಿದರು. ಆಗ ಬಂತು ಲೆಕ್ಕ! ಸಂಬಳವಿಲ್ಲದ ಮನೆಗೆಲಸ ಮಾಡಿದವರಲ್ಲಿ ಹೆಂಗಸರದು ದಿನಕ್ಕೆ ೨೯೯ ನಿಮಿಷ, ಗಂಡಸರದು ೯೭. ಅದೂ ಆ ದಿನ ಮನೆಗೆಲಸಕ್ಕೆ ಕೈಹಚ್ಚಿದ ಗಂಡಸರು ನೂರಕ್ಕೆ ೨೬ ಮಂದಿ ಮಾತ್ರ, ಹೆಂಗಸರು ೮೧. ೨೦೨೪ರಲ್ಲಿ ಮತ್ತೆ ಕೇಳಿದಾಗ ೨೮೯ ಮತ್ತು ೮೮. ‘ಏನೂ ಇಲ್ಲ’ ಎಂಬ ಮಾತಿನೊಳಗೆ ಸುಮಾರು ಐದು ಗಂಟೆ ಅಡಗಿ ಕುಳಿತಿತ್ತು.

ಇಷ್ಟೆಲ್ಲ ಕೇಳುತ್ತ ಕೂತರೆ ದಿನಕ್ಕೆ ಎಷ್ಟು ಮನೆ ಆದೀತು ಎನ್ನಬಹುದು. ನಿಜ, ಆಗುವುದಿಲ್ಲ. ಹಾಗಾದರೆ ಅವಸರದಲ್ಲಿ ಹೆಕ್ಕಿದ್ದನ್ನು ಅವಸರದ್ದು ಎಂದೇ ಹೇಳಿ. ಪಟ್ಟಿ, ಶೇಕಡಾ, ಬಣ್ಣದ ಚಿತ್ರಗಳ ಸೀರೆ ಉಡಿಸಿ ಸತ್ಯವೆಂದು ಮೆರವಣಿಗೆ ಮಾಡಬೇಡಿ. ಆ ಪಟ್ಟಿ ನೋಡಿಯೇ ಅಲ್ಲವೆ ನಾಳೆ ಯಾರಿಗೆ ಸಾಲ, ಯಾರಿಗೆ ತರಬೇತಿ ಎಂದು ಯೋಜನೆ ಹಾಕುವುದು? ಮತ್ತೆ ನೀವು, ಹಾಳೆ ಹಿಡಿದವರು ಬಾಗಿಲಿಗೆ ಬಂದಾಗ ‘ಅವರನ್ನೇ ಕೇಳಿ’ ಎಂದು ಒಳಗೆ ಸರಿಯುವುದನ್ನು ದಯವಿಟ್ಟು ಬಿಡಿ.

೨೦೨೫ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾದಾಗ ನಾವು ಶಿಕ್ಷಕರು ಮತ್ತೆ ಬೀದಿಗಿಳಿದೆವು. ಈ ಸಲ ಹಾಳೆಯ ಬದಲು ಮೊಬೈಲು, ಪ್ರಶ್ನೆ ಅರವತ್ತು. ಒಂದು ಮನೆಯಲ್ಲಿ ಸೆರಗಿಗೆ ಕೈ ಒರೆಸುತ್ತ ಬಂದ ಹೆಂಗಸು, ‘ಅವರು ಪೇಟೆಗೆ ಹೋಗಿದಾರೆ, ನಾಳೆ ಬನ್ನಿ’ ಎಂದರು. ‘ನಿಮ್ಮ ಹತ್ರಾನೇ ಕೇಳ್ಬೇಕು’ ಎಂದು ಜಗುಲಿಯಲ್ಲಿ ಕುಳಿತೆ. ಉದ್ಯೋಗದ ಪ್ರಶ್ನೆ ಬಂದಾಗ ಮೊಬೈಲು ಮಡಿಲಲ್ಲಿಟ್ಟು, ‘ನಿನ್ನೆ ಎದ್ದಾಗಿಂದ ಏನೇನು ಮಾಡಿದ್ರಿ, ಹೇಳಿ’ ಎಂದೆ. ಆಕೆ ಮೊದಲು ನಕ್ಕರು. ಆಮೇಲೆ ಕುಳಿತರು. ನಿನ್ನೆಯ ಮಧ್ಯಾಹ್ನಕ್ಕೆ ಬರುವ ಹೊತ್ತಿಗೆ ಮೊಬೈಲಿನ ಬೆಳಕು ಮೂರು ಸಲ ಆರಿತ್ತು. ಆ ದಿನ ನನ್ನಿಂದ ಮುಗಿದದ್ದು ಐದೇ ಮನೆ.