ಬರುವ ಹಣಕ್ಕೆ ಪಿನ್ ಏಕೆ?

ದನಗಳ ಜಾತ್ರೆಯಲ್ಲಿ ವ್ಯಾಪಾರ ಕುದುರುವ ಬಗೆಯನ್ನು ನೋಡಿದವರು ಒಂದು ದೃಶ್ಯವನ್ನು ಮರೆಯಲಾರರು. ಮಾರುವವನೂ ಕೊಳ್ಳುವವನೂ ವಸ್ತ್ರದ ಮರೆಯಲ್ಲಿ ಕೈ ಹಿಡಿದು, ಬೆರಳುಗಳನ್ನು ಒತ್ತಿ ಬೆಲೆಯನ್ನು ತಿಳಿಸುತ್ತಾರೆ. ಸುತ್ತ ನಿಂತವರಿಗೆ ಬೆಲೆ ತಿಳಿಯದು. ಆದರೆ ತಾನು ಹಿಡಿದಿರುವುದು ಯಾರ ಕೈ ಎಂಬುದು ಇಬ್ಬರಿಗೂ ಚೆನ್ನಾಗಿ ಗೊತ್ತು. ಅಂತರಜಾಲದ ಸಂತೆಯಲ್ಲಿ ಈ ಪದ್ಧತಿ ತಲೆಕೆಳಗಾಗಿದೆ. ಅಲ್ಲಿ ಬೆಲೆ ಲೋಕಕ್ಕೆಲ್ಲ ಕಾಣುತ್ತದೆ, ಕಾಣದಿರುವುದು ಕೈ.

ಈ ಸಂತೆಗೆ ದಿನವೂ ಬರುವ ಸರಕುಗಳಲ್ಲಿ ಕಂಪ್ಯೂಟರಿನ ಹಳೆಯ ಬಿಡಿಭಾಗಗಳೂ ಸೇರಿವೆ. ಹೊಸದನ್ನು ಕೊಂಡವನು ಹಳೆಯದನ್ನು ಮಾರುತ್ತಾನೆ. ಹೊಸದಕ್ಕೆ ಕೈಸಾಲದವನು ಆ ಹಳೆಯದನ್ನೇ ಕೊಂಡು ಸಂತೋಷಪಡುತ್ತಾನೆ. ಇದರಲ್ಲಿ ಇಬ್ಬರಿಗೂ ಲಾಭವೇ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಯಂತ್ರಾಗಾರಗಳು ಜಗತ್ತಿನ ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿದಾಗ ರ್‍ಯಾಮ್‌ನ ಬೆಲೆ ಏರಿ, ಮೇಜಿನ ಡ್ರಾಯರಿನಲ್ಲಿ ಧೂಳು ಹಿಡಿದು ಬಿದ್ದಿದ್ದ ಪಟ್ಟಿಗಳಿಗೂ ಮರ್ಯಾದೆ ಬಂದಿತು. ಆದರೆ ಸರಕಿಗೆ ಬೆಲೆ ಬಂದಲ್ಲಿಗೆ ವಂಚಕನೂ ಬರುತ್ತಾನೆ. ಅವನ ಕಣ್ಣು ಸರಕಿನ ಮೇಲೆ ಇರುವುದಿಲ್ಲ, ಮಾರುವವನ ಬ್ಯಾಂಕಿನ ಖಾತೆಯ ಮೇಲೆ ಇರುತ್ತದೆ ಎಂಬುದೇ ಇಲ್ಲಿನ ವಿಶೇಷ.

ತುಮಕೂರಿನಂತಹ ಒಂದು ಊರಿನ ಮನೆಯನ್ನು ವಾಚಕರು ಊಹಿಸಿಕೊಳ್ಳಬಹುದು. ಇದು ಯಾರೊಬ್ಬರ ಮನೆಯೂ ಅಲ್ಲ. ಹಲವರ ಅನುಭವಗಳನ್ನು ಒಟ್ಟುಗೂಡಿಸಿ ಕಟ್ಟಿದ ಮನೆ. ತಾಯಿ ಬಟ್ಟೆ ಹೊಲಿದು ಸಂಸಾರ ನಡೆಸುತ್ತಾಳೆ. ಮಗ ಇಂಜಿನಿಯರಿಂಗ್ ವಿದ್ಯಾರ್ಥಿ. ಮಗಳ ಕಾಲೇಜಿನ ಫೀಜಿಗೆಂದು ತಾಯಿಯ ಖಾತೆಯಲ್ಲಿ 40,000 ರೂಪಾಯಿ ಕೂಡಿದೆ. ಪರೀಕ್ಷೆಯ ಶುಲ್ಕಕ್ಕೆ ತಾಯಿಯನ್ನು ಕಾಡಬಾರದೆಂದು ಮಗ ತನ್ನ ಗ್ರಾಫಿಕ್ಸ್ ಕಾರ್ಡನ್ನು 12,000 ರೂಪಾಯಿಗೆ ಮಾರಲು ಜಾಹೀರಾತು ಹಾಕುತ್ತಾನೆ. ಅರ್ಧ ಗಂಟೆಯೊಳಗೆ ಕರೆ ಬರುತ್ತದೆ.

“ನಾನು ಸೈನ್ಯದಲ್ಲಿರುವವನು. ಬೇರೆ ಊರಿಗೆ ವರ್ಗವಾಗಿದೆ. ನಾನೇ ಬರಲಾರೆ, ಆಳನ್ನು ಕಳುಹಿಸುತ್ತೇನೆ. ನೀವು ಹೇಳಿದ ಬೆಲೆಯೇ ಇರಲಿ. ಹಣ ಈಗಲೇ ಕೊಟ್ಟುಬಿಡುತ್ತೇನೆ.”

ಚೌಕಾಶಿಯಿಲ್ಲ, ಸರಕಿನ ಬಗ್ಗೆ ಪ್ರಶ್ನೆಯಿಲ್ಲ. ಸಮವಸ್ತ್ರದ ಭಾವಚಿತ್ರ, ಗುರುತಿನ ಚೀಟಿಯ ಚಿತ್ರ ಎರಡೂ ಬಂದುವು. ಹುಡುಗನಿಗೆ ಸಂದೇಹಕ್ಕೆ ಬದಲಾಗಿ ಗೌರವವೇ ಹುಟ್ಟಿತು. “ಮೊದಲು ಒಂದು ರೂಪಾಯಿ ಕಳುಹಿಸಿ ನೋಡಿ. ನಮ್ಮ ಲೆಕ್ಕಪತ್ರದ ಕಚೇರಿಯಿಂದ ಎರಡು ರೂಪಾಯಿ ಮರಳಿ ಬರುತ್ತದೆ” ಎಂದನು ಆತ. ಹಾಗೆಯೇ ಬಂದಿತು. ಎರಡು ರೂಪಾಯಿಯ ಆ ನಂಬಿಕೆಯ ಬೆನ್ನಿಗೇ ಒಂದು ಕ್ಯೂಆರ್ ಚಿತ್ರ ಬಂದಿತು. ಅದರ ಕೆಳಗೆ “12,000 ಸ್ವೀಕರಿಸಿ” ಎಂದು ಬರೆದಿತ್ತು. ಮಗನ ಮಾತಿನಂತೆ ತಾಯಿ ತನ್ನ ಫೋನಿನಲ್ಲಿ ಪಿನ್ ಒತ್ತಿದಳು. ಖಾತೆಗೆ ಹಣ ಬರಲಿಲ್ಲ, ಖಾತೆಯಿಂದ ಹೋಯಿತು.

“ಅಯ್ಯೋ, ಏನೋ ತಾಂತ್ರಿಕ ದೋಷ. ಗಾಬರಿಪಡಬೇಡಿ. ಇನ್ನೊಂದು ಚಿತ್ರ ಕಳುಹಿಸುತ್ತೇನೆ. ಒತ್ತಿದರೆ ಇಪ್ಪತ್ತನಾಲ್ಕು ಸಾವಿರವೂ ಒಟ್ಟಿಗೆ ಬರುತ್ತದೆ.”

ಹುಡುಗನು ಬೆವರುತ್ತ ಫೋನನ್ನು ಮತ್ತೆ ತಾಯಿಯ ಮುಂದೆ ಹಿಡಿದನು. ಆಕೆಗೆ ಕಂಪ್ಯೂಟರಿನ ಗಂಧವಿಲ್ಲ. ಆದರೂ ಬೆರಳನ್ನು ಹಿಂದಕ್ಕೆಳೆದು ಕೇಳಿದಳು: “ಅಲ್ಲ ಕಣೋ, ದುಡ್ಡು ಅವರು ಕೊಡೋದು ತಾನೆ? ನಾನ್ಯಾಕೆ ಪಿನ್ ಒತ್ತಬೇಕು?”

ಇಂಜಿನಿಯರಿಂಗ್ ಓದುತ್ತಿದ್ದ ಮಗನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದಿರುವುದೇ ಆ ಪ್ರಶ್ನೆಯ ಉತ್ತರ. ಯುಪಿಐ ಎಂಬ ಈ ವ್ಯವಸ್ಥೆ ನಮ್ಮ ದೇಶದಲ್ಲಿ ಬಳಕೆಗೆ ಬಂದುದು 2016ರಲ್ಲಿ. ಅದರ ಮೂಲ ನಿಯಮ ಅತ್ಯಂತ ಸರಳವಾದುದು. ಪಿನ್ ಎಂಬುದು ತಿಜೋರಿಯ ಬೀಗದ ಕೈ. ಹಣ ಹೊರಗೆ ಹೋಗುವಾಗ ಅದು ಬೇಕು, ಒಳಗೆ ಬರುವಾಗ ಬೇಡ. ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡುವವನು ಕೊಡುವವನೇ ಹೊರತು ಪಡೆಯುವವನಲ್ಲ. ತರಕಾರಿಯ ಅಂಗಡಿಯವನು ತನ್ನ ಚಿತ್ರವನ್ನು ತೂಗುಹಾಕಿ ಸುಮ್ಮನೆ ಕುಳಿತಿರುತ್ತಾನೆ. ಸ್ಕ್ಯಾನ್ ಮಾಡುವವರು ಗಿರಾಕಿಗಳು. ದಿನವೂ ಕಣ್ಣೆದುರಿಗೆ ನಡೆಯುವ ಈ ಸಂಗತಿ, ಮಾರಾಟದ ಆತುರದಲ್ಲಿ ಬುದ್ಧಿವಂತರಿಗೂ ಮರೆತುಹೋಗುತ್ತದೆ.

ಹಿಂದೆ ಅಪರಿಚಿತನೊಬ್ಬನು “ಇಷ್ಟು ಹಣ ಕೊಡು” ಎಂಬ ಬೇಡಿಕೆಯನ್ನು ಇನ್ನೊಬ್ಬನ ಫೋನಿಗೆ ಕಳುಹಿಸುವ ಸೌಕರ್ಯವೂ ಯುಪಿಐನಲ್ಲಿತ್ತು. ಹಣ ಬಂದಿತೆಂದು ಭ್ರಮಿಸಿ ಅದಕ್ಕೆ ಒಪ್ಪಿಗೆ ಕೊಟ್ಟು ಕಳೆದುಕೊಂಡವರು ಅನೇಕರು. ವ್ಯಕ್ತಿ ವ್ಯಕ್ತಿಗಳ ನಡುವಣ ಆ ಸೌಕರ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಯಿತು. ಒಂದು ಬಾಗಿಲು ಮುಚ್ಚಿತೆಂದು ಕಳ್ಳನು ಕಸುಬನ್ನು ಬಿಡುವನೆ? ಕ್ಯೂಆರ್ ಚಿತ್ರ ಅವನ ಕೈಯಲ್ಲಿದ್ದೇ ಇದೆ.

ಎರಡನೆಯ ಉಪಾಯ ಸುಳ್ಳು ರಸೀತಿಯದು. ಕೊಳ್ಳುವವನು ಎದುರಿಗೇ ಬಂದು, ಫೋನನ್ನು ಒತ್ತಿ, ಹಸಿರು ಗುರುತಿನ ಚಿತ್ರವನ್ನು ತೋರಿಸುತ್ತಾನೆ. ಅಂತಹ ಚಿತ್ರವನ್ನು ಸೃಷ್ಟಿಸುವುದು ಮಕ್ಕಳಾಟ. ಬ್ಯಾಂಕಿನಿಂದ ಬಂದಂತೆ ತೋರುವ ಸಂದೇಶವನ್ನೂ ಬರಸಬಹುದು. “3,000ಕ್ಕೆ ಬದಲಾಗಿ 30,000 ಕಳುಹಿಸಿಬಿಟ್ಟೆ, ಉಳಿದುದನ್ನು ಹಿಂದಿರುಗಿಸಿ, ತಾಯಿ ಆಸ್ಪತ್ರೆಯಲ್ಲಿದ್ದಾಳೆ” ಎಂದು ಗೋಳಿಡುವವನ ಹಿಂದೆಯೂ ಇರುವುದು ಇಂತಹುದೇ ಸಂದೇಶ. ಹಿಂದಿನ ವರ್ತಕನು ಬೆಳ್ಳಿಯ ನಾಣ್ಯವನ್ನು ಕಲ್ಲಿಗೆ ಬಡಿದು ನಾದವನ್ನು ಕೇಳುತ್ತಿದ್ದನು. ಇಂದಿನ ಮಾರಾಟಗಾರನು ತನ್ನದೇ ಬ್ಯಾಂಕಿನ ಆ್ಯಪ್ ತೆರೆದು ಶಿಲ್ಕನ್ನು ನೋಡಬೇಕು. ಕೊಳ್ಳುವವನ ಫೋನು ಸಾಕ್ಷಿಯಲ್ಲ, ಸಂದೇಶವೂ ಸಾಕ್ಷಿಯಲ್ಲ, ತನ್ನ ಖಾತೆಯ ಲೆಕ್ಕವೊಂದೇ ಸಾಕ್ಷಿ.

ಮೂರನೆಯ ಮೋಸ ಇವೆರಡಕ್ಕಿಂತ ಸೂಕ್ಷ್ಮವಾದುದು. ಏಕೆಂದರೆ ಇದರಲ್ಲಿ ಹಣ ನಿಜವಾಗಿಯೇ ಬರುತ್ತದೆ. ಆದರೆ ಬರುವುದು ಕೊಳ್ಳುವವನ ಖಾತೆಯಿಂದಲ್ಲ, ಎಲ್ಲಿಯೋ ಇರುವ ಇನ್ನೊಬ್ಬ ಅಮಾಯಕನ ಖಾತೆಯಿಂದ. ವಂಚಕನು ಆ ಅಮಾಯಕನಿಗೆ ಬೇರೊಂದು ಆಸೆ ತೋರಿಸಿ, ಮಾರಾಟಗಾರನ ಖಾತೆಗೆ ಹಣ ಹಾಕಿಸಿ, ಸರಕನ್ನು ತಾನು ಒಯ್ಯುತ್ತಾನೆ. ಮೋಸ ಹೋದವನು ದೂರು ಕೊಟ್ಟಾಗ ಪೊಲೀಸರು ಹಣ ಹೋದ ಜಾಡನ್ನು ಹಿಡಿಯುತ್ತಾರೆ. ಬ್ಯಾಂಕು ಆ ಮೊತ್ತವನ್ನು, ಕೆಲವೊಮ್ಮೆ ಇಡೀ ಖಾತೆಯನ್ನೇ ತಡೆಹಿಡಿಯುತ್ತದೆ. ಪ್ರಾಮಾಣಿಕನಾಗಿ ಮಾರಿದವನು ಸರಕನ್ನೂ ಕಳೆದುಕೊಂಡು ಠಾಣೆಯ ಮೆಟ್ಟಿಲನ್ನೂ ಹತ್ತಬೇಕಾಗುತ್ತದೆ. ಆದುದರಿಂದ ಬಂದ ಹಣದ ಮೇಲಿನ ಹೆಸರೂ ಎದುರಿಗೆ ನಿಂತವನ ಹೆಸರೂ ಒಂದೇ ಆಗಿರಬೇಕು. “ನನ್ನ ಸ್ನೇಹಿತ ಕಳುಹಿಸುತ್ತಾನೆ” ಎಂದರೆ, ಆ ಸ್ನೇಹಿತನೇ ಬರಲಿ ಎಂದು ಹೇಳುವುದರಲ್ಲಿ ಸಂಕೋಚವಿರಬಾರದು. ಮಾತುಕತೆಯ ಸಂದೇಶಗಳನ್ನೂ ಅಳಿಸದೆ ಇಟ್ಟುಕೊಳ್ಳಬೇಕು.

ಹಾಗಾದರೆ ಮಾರುವುದೇ ಬೇಡವೆ? ಹಾಗಲ್ಲ. ಕ್ರಮವರಿತು ಮಾರಬೇಕು. ಅಪರಿಚಿತನನ್ನು ಮನೆಗೆ ಕರೆಯುವುದಕ್ಕಿಂತ ಹಗಲು ಹೊತ್ತಿನಲ್ಲಿ ಪರಿಚಯದ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಭೇಟಿಯಾಗುವುದು ಮೇಲು. ಬೆಂಗಳೂರಿನವರಿಗೆ ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳ ಸಾಲೇ ಇದೆ. ಅಂಗಡಿಯವನಿಗೆ ಅಷ್ಟಿಷ್ಟು ಕೊಟ್ಟರೆ ಬಿಡಿಭಾಗವನ್ನು ಯಂತ್ರಕ್ಕೆ ಜೋಡಿಸಿ, ನಡೆಸಿ ತೋರಿಸುತ್ತಾನೆ. ಕೊಳ್ಳುವವನ ಕಣ್ಣೆದುರು ಪರೀಕ್ಷೆ ನಡೆದರೆ ನಾಳೆ “ಕೆಟ್ಟದ್ದನ್ನು ಕೊಟ್ಟೆ” ಎಂಬ ತಕರಾರಿಗೆ ಎಡೆಯಿರುವುದಿಲ್ಲ.

ಪ್ರತಿಯೊಂದು ಬಿಡಿಭಾಗದ ಮೇಲೂ ಸಾಮಾನ್ಯವಾಗಿ ಒಂದು ಕ್ರಮಸಂಖ್ಯೆ ಅಚ್ಚಾಗಿರುತ್ತದೆ. ಅದರ ಛಾಯಾಚಿತ್ರವನ್ನು ತೆಗೆದಿಡಬೇಕು; ಒಳ್ಳೆಯದನ್ನು ಒಯ್ದು, ಅದೇ ಜಾತಿಯ ಕೆಟ್ಟದ್ದನ್ನು ಹಿಂದಕ್ಕೆ ತಂದುಕೊಡುವವರಿದ್ದಾರೆ. ಪ್ರೊಸೆಸರ್ ಮಾರುವವರು ಸೂಜಿಗಳ ಚಿತ್ರವನ್ನೂ ತೆಗೆದುಕೊಳ್ಳಲಿ. ಎಎಂಡಿಯ ಎಎಂ4 ಜಾತಿಯಲ್ಲಿ ಸೂಜಿಗಳು ಪ್ರೊಸೆಸರಿನ ಅಡಿಯಲ್ಲಿಯೇ ಇವೆ. ಇಂಟೆಲಿನ ಮೇಜಿನ ಕಂಪ್ಯೂಟರುಗಳಲ್ಲಿ 2004ರಿಂದೀಚೆಗೆ ಅವು ಮದರ್‌ಬೋರ್ಡಿನ ಕುಳಿಗೆ ಸೇರಿದುವು. ಎಲ್ಲಿದ್ದರೂ, ಬಾಗಿದ ಒಂದು ಸೂಜಿ ಸಾವಿರಾರು ರೂಪಾಯಿಯ ಜಗಳಕ್ಕೆ ಕಾರಣವಾದೀತು.

ಹಾರ್ಡ್ ಡಿಸ್ಕ್ ಮಾರುವವರಿಗೆ ಇನ್ನೂ ಒಂದು ಮಾತು. ಕಡತವನ್ನು ಅಳಿಸುವುದೆಂದರೆ ಪುಸ್ತಕದ ವಿಷಯಸೂಚಿಯನ್ನು ಹರಿದಂತೆ; ಪುಟಗಳು ಒಳಗೇ ಉಳಿದಿರುತ್ತವೆ. ಆಧಾರ್ ಪ್ರತಿ, ಬ್ಯಾಂಕಿನ ಕಾಗದಗಳು, ಮನೆಯವರ ಭಾವಚಿತ್ರಗಳು ಅಪರಿಚಿತನ ಕೈಸೇರಬಾರದಾದರೆ ವಿಂಡೋಸ್‌ನಲ್ಲಿ ‘ಕ್ವಿಕ್’ ಎಂಬುದನ್ನು ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಬೇಕು. ಆಗ ತಟ್ಟೆಯ ಮೇಲೆಲ್ಲ ಸೊನ್ನೆಗಳು ಬರೆಯಲ್ಪಡುತ್ತವೆ. ಎಸ್‌ಎಸ್‌ಡಿಯಾದರೆ ತಯಾರಕರು ಕೊಡುವ ಅಳಿಸುವ ಸಾಧನವನ್ನು ಬಳಸುವುದು ಲೇಸು.

ಮಾರುವವನಿಗೂ ಧರ್ಮವುಂಟು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಮ್ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆ ನಿಂತಾಗ, ಅದಕ್ಕಾಗಿ ಹಗಲಿರುಳು ದುಡಿದಿದ್ದ ಗ್ರಾಫಿಕ್ಸ್ ಕಾರ್ಡುಗಳು ಹಳೆಯ ಸರಕಿನ ಪೇಟೆಗೆ ಬಂದುವು. ಅಂತಹ ಕಾರ್ಡನ್ನು “ಸ್ವಲ್ಪವೇ ಬಳಸಿದ್ದು” ಎಂದು ಮಾರುವವನು ತಾನೂ ವಂಚಕರ ಸಾಲಿಗೆ ಸೇರಿದಂತೆಯೇ. ಇದ್ದುದನ್ನು ಇದ್ದಂತೆ ಹೇಳಿ ಇನ್ನೂರು ರೂಪಾಯಿ ಕಡಿಮೆ ಪಡೆದರೆ ರಾತ್ರಿ ಒಳ್ಳೆಯ ನಿದ್ದೆ ಬರುತ್ತದೆ.

ಇಷ್ಟಾದ ಮೇಲೂ ಮೋಸ ಹೋದರೆ ನಾಚಿಕೆಯಿಂದ ಮುಚ್ಚಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಕೂಡಲೇ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆಮಾಡಿ, ಬ್ಯಾಂಕಿಗೂ ತಿಳಿಸಬೇಕು. ವಂಚಕನ ಕೈಗೆ ಹೋದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುತ್ತಿರುತ್ತದೆ. ದಾರಿಯಲ್ಲಿರುವಾಗ ಹಿಡಿದರೆ ತಡೆಯಬಹುದು, ತೆಗೆದುಕೊಂಡ ಮೇಲೆ ಕಷ್ಟ. ಇಲ್ಲಿ ಗಂಟೆಗಳಿಗಲ್ಲ, ನಿಮಿಷಗಳಿಗೆ ಬೆಲೆ.

ತುಮಕೂರಿನ ಆ ಮನೆಯಲ್ಲಿ ತಾಯಿ ಮಗನನ್ನು ಬಯ್ಯಲಿಲ್ಲ. “ಮೊದಲು ಪೊಲೀಸರಿಗೆ ಫೋನ್ ಮಾಡು. ಆಮೇಲೆ ಊಟ” ಎಂದಳು. ಹೋದ ಹನ್ನೆರಡು ಸಾವಿರ ಬರುವುದೋ ಇಲ್ಲವೋ, ಮಗಳ ಫೀಜಿಗೆ ಇಪ್ಪತ್ತೆಂಟು ಸಾವಿರ ಉಳಿದಿತ್ತು. ಅದನ್ನು ಉಳಿಸಿದುದು ಆ ಒಂದು ಪ್ರಶ್ನೆ. ಅದನ್ನು ಪಿನ್ ಒತ್ತಿದ ಮೇಲೆ ಕೇಳದೆ, ಒತ್ತುವುದಕ್ಕೆ ಮೊದಲೇ ಕೇಳುವ ಅಭ್ಯಾಸ ಪ್ರತಿಯೊಂದು ಮನೆಯಲ್ಲಿಯೂ ಬರಲಿ.